ಸೋಮವಾರದ ಸಂತೆ

ನಮ್ಮತ್ತೆಯ ಹೋಟ್ಲಿಗೆ ಬೋರ್ಡು ಇರಲಿಲ್ಲ, ಬಾಗಿಲೂ ಇರಲಿಲ್ಲ. ಹುಣಸೆ ತೋಪಿನ ಅಂಚಿಗೆ ನಾಲ್ಕು ಕಂಬ, ಮೇಲೆ ತೆಂಗಿನ ಗರಿ, ಒಳಗೆ ಎರಡು ಒಲೆ, ಅಷ್ಟೇ. ವಾರಕ್ಕೆ ಒಂದೇ ದಿನ, ಬುಧವಾರ ಸಂತೆ ಕೂಡಿದಾಗ, ಆ ಒಲೆ ಹತ್ತುತ್ತಿತ್ತು. ಮುದ್ದೆ, ತಲೆಮಾಂಸದ ಸಾರು, ಬೇಡ ಅನ್ನುವವರಿಗೆ ಸೊಪ್ಪಿನ ಬಸ್ಸಾರು. ಹುಣಸಮಾರನಹಳ್ಳಿ ಕಡೆಯಿಂದ ಗಾಡಿ ಹೊಡ್ಕೊಂಡು ಬರೋರು ಎತ್ತು ಬಿಚ್ಚಿದವರೇ ಮೊದಲು ಅತ್ತೆ ಮುಂದೆ ಕೂತು ಉಂಡು, ಆಮೇಲೆ ಮೂಟೆ ಇಳಿಸ್ತಿದ್ರು. ಮಾವ ಸತ್ತಾಗ ಅತ್ತೆಗೆ ಇನ್ನೂ ಮೂವತ್ತು ತುಂಬಿರಲಿಲ್ಲವಂತೆ. ಯಾರ ಮನೆ ಬಾಗಿಲಿಗೂ ಹೋಗದೆ ಇಬ್ಬರು ಮಕ್ಕಳನ್ನ ಸಾಕಿದ್ದು ಆ ಒಂದು ದಿನದ ಒಲೆಯಿಂದ. ಅವರಿಗೆ ಆ ಹೋಟ್ಲು ಬಿಟ್ಟರೆ ಬೇರೆ ಹೆಮ್ಮೆ ಇರಲಿಲ್ಲ.

ನಮ್ಮೂರು ಯಲಹಂಕಕ್ಕೂ ಹುಣಸಮಾರನಹಳ್ಳಿಗೂ ನಡುವೆ, ದೊಡ್ಡ ರಸ್ತೆಯಿಂದ ಒಂದಿಷ್ಟು ಒಳಗೆ. ಹಳ್ಳಿ ಅಂದ್ರೆ ನಮ್ಮೂರವರಿಗೆ ಕೋಪ ಬರೋದು, ಪೇಟೆ ಅಂದ್ರೆ ಕೇಳಿದವರಿಗೆ ನಗು ಬರೋದು. ಐವತ್ತರ ದಶಕ ಮುಗಿಯೋ ಹೊತ್ತಿಗೆ ಸಂತೆ ಸೊರಗ್ತಾ ಬಂತು. ಗಾಡಿಗಳು ಒಂದೊಂದಾಗಿ ನಮ್ಮೂರು ದಾಟಿ ಮುಂದಕ್ಕೆ ಹೋಗೋಕೆ ಶುರುವಾದವು.

ಆಗ ಪಂಚಾಯ್ತಿಗೆ ಹೊಸ ಛೇರ್ಮನ್ನರು ಬಂದ್ರು. ಯಶವಂತಪುರದಲ್ಲಿ ಮಂಡಿ ಇಟ್ಟಿದ್ದ ಮನೆತನ, ಸ್ವಂತ ಲಾರಿ, ಬಿಳೀ ಜುಬ್ಬ. ಅವರು ಕಳ್ಳರಾಗಿದ್ರೆ ಇವತ್ತು ಬೈದು ಹಗುರಾಗ್ತಿದ್ದೆ. ಕಳ್ಳರಲ್ಲ. ತೋಪಿನಲ್ಲಿ ಕಲ್ಲು ಕಟ್ಟೆ ಕಟ್ಟಿಸಿದ್ರು, ದನಕ್ಕೆ ನೀರಿನ ತೊಟ್ಟಿ ಮಾಡಿಸಿದ್ರು, ಮಳೆ ಬಂದರೆ ಕೆಸರಾಗ್ತಿದ್ದ ದಾರಿಗೆ ಜಲ್ಲಿ ಹಾಕಿಸಿದ್ರು. ಸಂತೆ ಉಳಿದರೆ ಊರು ಉಳಿಯುತ್ತೆ ಅಂತ ಮನೆಮನೆಗೂ ಬಂದು ಹೇಳಿದ್ರು. ನಮ್ಮತ್ತೆಯಂತೂ ಅವರನ್ನ ದೇವರ ಪಕ್ಕದಲ್ಲೇ ಕೂರಿಸಿಬಿಟ್ಟಿದ್ರು.

ಪಂಚಾಯ್ತಿಯಲ್ಲಿ ಹೆಂಗಸರಿಗೆ ಅಂತ ಎರಡು ಜಾಗ ಇತ್ತು. ಅದರಲ್ಲಿ ಒಂದು ನನಗೆ ಬಂತು. ಅಬ್ಬಿಗೆರೆ ನನ್ನ ತೌರು, ಅಲ್ಲಿಂದ ನಡೆದುಹೋಗಿ ಲೋಯರ್ ಸೆಕೆಂಡರಿ ಪಾಸು ಮಾಡಿದ್ದೆ ಅನ್ನೋದೇ ಕಾರಣ. ಮೆಂಬರು ಅಂತ ಹೆಸರು, ಸಭೆ ಅಂದ್ರೆ ಏನು ಅಂತ ನಾನು ಕಂಡೋಳಲ್ಲ. ಗಂಡಸರು ಹನ್ನೊಂದು ಜನ ಚಾವಡಿಯಲ್ಲಿ ಕೂತು ತೀರ್ಮಾನ ಮಾಡೋರು. ಮಾರನೇ ದಿನ ಪಂಚಾಯ್ತಿ ಜವಾನ ನಡಾವಳಿ ಪುಸ್ತಕ ಕಂಕುಳಲ್ಲಿ ಇಟ್ಕೊಂಡು ಹೆಂಗಸು ಮೆಂಬರುಗಳಾದ ನಮ್ಮಿಬ್ಬರ ಮನೆಗೆ ಬರೋನು. ನಾವು ಹೊಸ್ತಿಲಲ್ಲೇ ರುಜು ಹಾಕಿ ಕಳಿಸೋದು. ಇದು ಸರಿಯೇ ಅಂತ ನಾನೂ ಕೇಳಲಿಲ್ಲ, ಯಾರೂ ಕೇಳಲಿಲ್ಲ.

ಒಂದು ದಿನ ಹಾಗೇ ಪುಸ್ತಕ ಬಂತು. ನಾನು ಓದಿದೆ. ಸಂತೆಯನ್ನ ಬುಧವಾರದಿಂದ ಸೋಮವಾರಕ್ಕೆ ಬದಲಾಯಿಸೋದು ಅಂತ ಬರೆದಿತ್ತು. ಸೋಮವಾರ ರೈತರು ಆರು ಕಟ್ಟಿ ಉಳೋದಿಲ್ಲ, ಹೊಲದಲ್ಲಿ ಕೆಲಸ ಇರೋದಿಲ್ಲ, ಆದ್ದರಿಂದ ಜನ ಹೆಚ್ಚಾಗಿ ಸೇರ್ತಾರೆ ಅಂತ ಕಾರಣವನ್ನೂ ಬರೆದಿದ್ರು.

ಸೋಮವಾರ ಬಸವನ ವಾರ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಅವತ್ತು ನೇಗಿಲಿಗಷ್ಟೇ ಅಲ್ಲ, ಗಾಡಿಗೂ ಎತ್ತು ಕಟ್ಟೋದಿಲ್ಲ. ನೊಗ ಅಂದ್ರೆ ನೊಗ, ಅದು ಯಾವುದಾದ್ರೇನು? ಎತ್ತಿನ ಮೈ ತೊಳೆದು, ಅರಿಶಿನ ಕುಂಕುಮ ಇಟ್ಟು, ಕೊಟ್ಟಿಗೆಯಲ್ಲೇ ಬಿಡ್ತಾರೆ. ಗಾಡಿ ಬರದೆ ಸಂತೆ ಹೇಗೆ ಕೂಡುತ್ತೆ? ಮೇಲಾಗಿ ಸೋಮವಾರ ಅರ್ಧ ಜನಕ್ಕೆ ಒಪ್ಪತ್ತು, ಮಿಕ್ಕವರೂ ಮಾಂಸ ಮುಟ್ಟೋದಿಲ್ಲ. ಛೇರ್ಮನ್ನರ ಮನೆಯಲ್ಲಿ ಎತ್ತು ಕಟ್ಟೋದು ಬಿಟ್ಟು ಎರಡು ತಲೆಮಾರು ಆಗಿತ್ತು, ಅವರ ಲಾರಿಗೆ ಸೋಮವಾರ ಇರಲಿಲ್ಲ.

ಜವಾನ ಬಾಗಿಲಲ್ಲಿ ನಿಂತಿದ್ದ. ಎಲ್ಲರದೂ ಆಗಿದೆ, ನಿಮ್ಮದೊಂದೇ ಬಾಕಿ ಅಂದ. ಒಳಗೆ ಹೋಗಿ ಗಂಡನಿಗೆ ಹೇಳಿದೆ. ಬೇಸಾಯಗಾರರೇ ಕೂತಿರೋ ಸಭೆ, ಅವರಿಗೆ ಗೊತ್ತಿಲ್ಲದ್ದು ನಿಂಗೆ ಗೊತ್ತಾ, ಸುಮ್ನೆ ಹಾಕು ಅಂದ್ರು. ಹಾಕಿದೆ. ನಿಜ ಹೇಳಬೇಕು ಅಂದ್ರೆ, ಚೆನ್ನಾಗೇ ಹಾಕಿದೆ. ಇನ್ನೊಬ್ಬಾಕೆ ಹೆಬ್ಬೆಟ್ಟು ಒತ್ತಿದ್ದ ಪಕ್ಕದಲ್ಲಿ ನನ್ನ ದುಂಡು ಅಕ್ಷರ ನೋಡಿ ನನಗೇ ಸಂತೋಷ ಆಯ್ತು. ಥೂ, ನನ್ನ ಸಂತೋಷಕ್ಕಿಷ್ಟು!

ಮೊದಲ ಸೋಮವಾರ ತೋಪಿಗೆಲ್ಲಾ ಮಾವಿನ ತೋರಣ. ಜನ ಬಂದ್ರು, ಛೇರ್ಮನ್ನರು ಹೇಳಿದ್ದು ಸುಳ್ಳಲ್ಲ. ಸ್ನಾನ ಮಾಡಿ, ಮಡಿ ಬಟ್ಟೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ಕೈ ಬೀಸ್ಕೊಂಡು ಬಂದ್ರು. ಕೊಳ್ಳೋಕೆ ಬಂದೋರೇ ಎಲ್ಲಾ. ಮಾರೋಕೆ ತಲೆ ಮೇಲೆ ಹೊತ್ತು ತಂದ ನಾಲ್ಕು ಕುಕ್ಕೆ ಬದನೆಕಾಯಿ, ಒಂದಿಷ್ಟು ಸೊಪ್ಪು. ಹೊಸ ಕಲ್ಲು ಕಟ್ಟೆಗಳ ಮೇಲೆ ಜನ ಕೂತು ಹರಟೆ ಹೊಡೆದು ಎದ್ದು ಹೋದ್ರು. ಛೇರ್ಮನ್ನರ ಮೇಲಿನ ನಂಬಿಕೆಗೆ ಅತ್ತೆ ಎಂದಿನ ಹಾಗೆ ಮಾಂಸದ ಸಾರೇ ನೂರು ಜನಕ್ಕೆ ಮಾಡಿದ್ರು. ಹೋಟ್ಲಿನ ಮುಂದೆ ಹಾದವರು ಮಾಂಸದ ವಾಸನೆಗೆ ಮೂಗು ಮುಚ್ಚಿಕೊಂಡು, ಎರಡು ಬಾಳೆಹಣ್ಣು ತಿಂದು ನೀರು ಕುಡಿದ್ರು. ಉಳಿದ ಮುದ್ದೆಯನ್ನ ಎಮ್ಮೆಗೆ ಹಾಕುವಾಗಲೂ ಅತ್ತೆ, ಹೊಸದು ಅಲ್ವಾ, ನಾಲ್ಕು ವಾರ ಆದ್ರೆ ಸರಿಹೋಗುತ್ತೆ ಅಂತಲೇ ಇದ್ರು. ಮಾರನೇ ವಾರ ಬರೀ ಬಸ್ಸಾರು ಮಾಡಿದ್ರು. ಅದೂ ಉಳೀತು.

ನಾಲ್ಕನೇ ವಾರ ನನಗೆ ತಡೆಯೋಕಾಗಲಿಲ್ಲ. ಸಭೆ ನಡೀವಾಗ ನೇರವಾಗಿ ಚಾವಡಿಗೆ ಹೋದೆ. ಹೆಂಗಸು ಒಳಗೆ ಬಂದಿದ್ದು ನೋಡಿ ಬೀಡಿ ಸೇದ್ತಿದ್ದವರು ಆರಿಸಿದ್ರು. ಎತ್ತಿನ ವಿಷಯ, ಒಪ್ಪತ್ತಿನ ವಿಷಯ, ಎಲ್ಲಾ ಹೇಳಿದೆ. ಛೇರ್ಮನ್ನರು ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ ಪುಸ್ತಕ ತೆಗೆದು ನನ್ನ ಕಡೆ ತಿರುಗಿಸಿ ಇಟ್ರು.

"ಓದಿ ತಾನೇ ಹಾಕಿದ್ದು, ತಾಯಿ?"

ಪಕ್ಕದಲ್ಲಿ ನಾಲ್ಕು ಜೊತೆ ಎತ್ತು ಕಟ್ಟಿದ್ದ ಹಿರಿಯ ಮೆಂಬರು ಕೂತಿದ್ರು. ಅವರನ್ನ ನೋಡಿ, ನೀವಾದ್ರೂ ಅವತ್ತೇ ಹೇಳಬಾರದಿತ್ತಾ ಯಜಮಾನ್ರೇ ಅಂದೆ. ಅವರು ನೆಲ ನೋಡ್ತಾ ಹೇಳಿದ್ರು:

"ನಂಗೂ ಗೊತ್ತಿತ್ತು ಕಣವ್ವ. ಆವಯ್ಯ ಅಷ್ಟು ಆಸೆಯಿಂದ ಮಾತಾಡ್ತಿತ್ತು. ಅದು ಕೇಳ್ನಿಲ್ಲ, ನಾನು ಯೋಳ್ನಿಲ್ಲ."

ಮಿಕ್ಕವರೂ ತಲೆ ಆಡಿಸಿದ್ರು. ಎಲ್ಲರಿಗೂ ಗೊತ್ತಿತ್ತಂತೆ. ದೊಡ್ಡೋರು ಎದ್ದು ನಿಂತು ಮಾತಾಡುವಾಗ ಅಡ್ಡ ಬಾಯಿ ಹಾಕಬಾರದು ಅನ್ನೋ ಮರ್ಯಾದೆ ನೋಡಿ, ಅದಕ್ಕೆ ಒಂದು ಊರನ್ನೇ ಕೊಟ್ಟುಬಿಟ್ವಿ. ತಕ್ಷಣ ಬದಲಾಯಿಸಿದ್ರೆ ತಾಲ್ಲೂಕಿನವರ ಮುಂದೆ ನಗೆಪಾಟಲಾಗುತ್ತೆ, ಸುಗ್ಗಿ ಕಳೀಲಿ ನೋಡೋಣ ಅಂತ ಛೇರ್ಮನ್ನರು ಅಂದ್ರು. ಎಲ್ಲರೂ ಒಪ್ಪಿದ್ರು. ನಾನು ಮನೆಗೆ ಬಂದು ಅತ್ತೆಗೆ ಏನೂ ಹೇಳಲಿಲ್ಲ.

ಯುಗಾದಿ ಕಳೆದ ಮೇಲೆ ಸಂತೆ ಮತ್ತೆ ಬುಧವಾರಕ್ಕೆ ಬಂತು. ಗಾಡಿಗಳು ಬರಲಿಲ್ಲ. ಅಷ್ಟರಲ್ಲಿ ಅವರೆಲ್ಲಾ ಬೇರೆ ಸಂತೆಗಳಲ್ಲಿ ಜಾಗ ಹಿಡಿದು, ಗಿರಾಕಿ ಮಾಡ್ಕೊಂಡು, ಬೇರೆಯವರ ಕೈ ಊಟಕ್ಕೆ ಒಗ್ಗಿಹೋಗಿದ್ರು. ಆದ್ರೂ ಅತ್ತೆ ಹಬ್ಬಕ್ಕೆ ಮಾಡಿದ ಹಾಗೆ ಮಾಡಿ ಕಾದ್ರು. ಮಧ್ಯಾಹ್ನದ ಹೊತ್ತಿಗೆ ಉಂಡವರು ನಾಲ್ಕು ಜನ, ಅದರಲ್ಲಿ ಒಬ್ಬರು ಛೇರ್ಮನ್ನರು. ಪಾಪ ಅನ್ನಿಸಿ ಬಂದಿದ್ರು ಅಂತ ಕಾಣುತ್ತೆ. ಸಾರು ಬಹಳ ಚೆನ್ನಾಗಿದೆ ಅಂದ್ರು. ಕೈ ತೊಳೆಯುವಾಗ ನಿಟ್ಟುಸಿರು ಬಿಟ್ಟು, ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಅಂತಾರಲ್ಲಮ್ಮ, ನಿಮ್ಮ ಸೊಸೆಯವರೇ ಓದಿ ರುಜು ಹಾಕಿದ್ರು, ಆಮೇಲೆ ತಪ್ಪೆಲ್ಲಾ ನನ್ನದೇ ಆಯ್ತು ಅಂತ ಹೇಳಿ ಹೊರಟುಹೋದ್ರು.

ಅತ್ತೆ ಸೌಟು ಕೆಳಗಿಟ್ರು. ನಾನು ತಟ್ಟೆ ತೊಳೀತಾ ತಲೆ ಎತ್ತಲಿಲ್ಲ. ನಿಜವಾ ಅಂತ ಕೇಳಿದ್ರು. ಹೂಂ ಅಂದೆ. ಸೋಮವಾರ ಎತ್ತು ಕಟ್ಟೋದಿಲ್ಲ ಅಂತ ನಿಂಗೆ ಗೊತ್ತಿರಲಿಲ್ವಾ ಅಂದ್ರು. ಗೊತ್ತಿತ್ತು ಅಂದೆ. ಒಲೆಯ ಕೊಳ್ಳಿ ಹೊರಗೆಳೆದು ನೀರು ಚಿಮುಕಿಸಿದ್ರು.

"ಅಕ್ಷರ ಬರದೋಳು ನಾನು, ಎಬ್ಬೆಟ್ಟು ಒತ್ತೋಕೆ ಮುಂಚೆ ಇದ್ರಲ್ಲಿ ಏನೈತೆ ಅಂತ ನೂರು ಸಲ ಕೇಳ್ತೀನಿ. ನೀನು ಓದಿ ಆಕಿದ್ಯಲ್ಲವ್ವ."

ಬೈದಿದ್ರೆ ತಡ್ಕೋತಿದ್ದೆ. ಮಾರನೇ ದಿನ ಅತ್ತೆ ಆಳು ಕರೆಸಿ ಹೋಟ್ಲಿನ ಗರಿ ಬಿಚ್ಚಿಸಿದ್ರು, ನಾಲ್ಕು ಕಂಬಾನೂ ಸೌದೆಗೆ ಸೀಳಿಸಿ ನಮ್ಮ ಹಿತ್ತಲಲ್ಲಿ ಒಟ್ಟಿಸಿದ್ರು. ಮಳೆಗಾಲ ಪೂರ್ತಿ ಆ ಸೌದೆ ಉರಿಸಿಯೇ ನಾನು ಮನೆಗೆ ಅಡಿಗೆ ಮಾಡಿದೆ.