ಬಂಗಾರಿ ಕಾಣದ ಐಸು

ಬಂಗಾರಿಯ ನಡುನೆತ್ತಿಯಲ್ಲಿ ಕೂದಲು ಇರಲಿಲ್ಲ, ಮೀನಿನ ಬುಟ್ಟಿ ಹೊತ್ತು ಹೊತ್ತು ಉದುರಿಹೋಗಿತ್ತು. ಮೊದಲು ಅದನ್ನೇ ಬರಿ, ಮಗಾ. ತೆಂಗಿನಗುಂಡಿಯಲ್ಲಿ ನಮ್ಮ ಪಕ್ಕದ ಮನೆ ಅವಳದು. ದಿನಾ ಭಟ್ಕಳದ ನವಾಯತ ಮುಸ್ಲಿಮರ ಮನೆಗಳಿಗೆ ಮೀನು ಕೊಟ್ಟು ಕೊಟ್ಟು ಉರ್ದು ಚೆನ್ನಾಗಿ ಬರುತ್ತಿತ್ತು. ನನಗೆ ಇವತ್ತಿಗೂ ಬರುವುದಿಲ್ಲ. ನನ್ನ ಮದುವೆಯಲ್ಲಿ ಅವಳು ಹಾಡಿದ್ದು... ಇರಲಿ, ಅದು ಬೇರೆಯೇ ಮಾತು.

ಮೀನಿಗೆ ಹಾಕುವ ಐಸಿನ ಗಡ್ಡೆಯನ್ನು ಕಾರ್ಖಾನೆಯಿಂದ ತಲೆಯ ಮೇಲೆ ತರುವಾಗ ಅವಳ ಬೆನ್ನೆಲ್ಲ ಒದ್ದೆ. "ಯಾರೂ ಮಾಡದೆ ತನ್ನಷ್ಟಕ್ಕೇ ಆದ ಐಸು ಒಂದ್ಸಲ ಕಾಣ್ಬೇಕು ದೇವಿ" ಎಂದು ನನ್ನ ಹೆಸರು ಹಿಡಿದು ಹೇಳುತ್ತಿದ್ದಳು.

ಎಂಬತ್ತೆರಡನೇ ಇಸವಿಯಲ್ಲಿ ಹೊನ್ನಾವರದ ಗಣಪಿ ಟೀಚರು ಹೆಂಗಸರನ್ನು ಹಿಮಾಚಲದ ಕಡೆ ಪ್ರವಾಸ ಕರೆದೊಯ್ದರು. ಎರಡು ದಿನ ಬೆಟ್ಟ ಹತ್ತಿದರೆ ಒಂದು ಸರೋವರ. ಜೂನಿನಲ್ಲೂ ಐಸು ತೇಲುತ್ತದೆ ಎಂದಿದ್ದರು. ಎಲ್ಲರಿಗಿಂತ ಮೊದಲು ಹೆಸರು ಕೊಟ್ಟವಳು ಬಂಗಾರಿ.

ನಾನೂ ಹೊರಟೆ, ನಮ್ಮೂರಿಂದ ನಾವಿಬ್ಬರೇ. ಟೀಚರು ಮೀನು ಮುಟ್ಟದವರು. ಅವರ ಪಕ್ಕ ಕೂತು ಉಣ್ಣುವ ಆಸೆಗೆ, "ನಮ್ಮನೇಲೂ ಮೀನು ಬಿಟ್ಟು ವರ್ಷ ಆತು" ಎಂದು ರೈಲಿನಲ್ಲೇ ಸುಳ್ಳು ಹೇಳಿದೆ. ಆದರೆ ಒಣ ಸೀಗಡಿ ಇಲ್ಲದೆ ನನಗೆ ಅನ್ನ ಇಳಿಯಬೇಕಲ್ಲ. ಚೀಲದ ತಳದಲ್ಲಿ, ಸೀರೆಯ ಮಡಿಕೆಯೊಳಗೆ ಒಂದು ಗಂಟು ಇತ್ತು. ನಮಗೆ ಅದು ವಾಸನೆಯೇ ಅಲ್ಲ, ಹುಟ್ಟಿದಾಗಿನಿಂದ ಮೂಗಿನಲ್ಲಿ ಇರುವುದೇ ಅದು. ಬೇರೆಯವರಿಗೆ ಬಡಿಯುತ್ತದೆ ಎಂಬ ಯೋಚನೆಯೂ ಬರಲಿಲ್ಲ.

ಬೆಟ್ಟ ಹತ್ತುವ ಎರಡನೇ ದಿನ ನನಗೆ ಏದುಸಿರು ಹತ್ತಿತು.

"ಎಂತ ಹೆಣ್ಣೇ ನೀನು? ಕೊಡಿಲ್ಲಿ ಚೀಲ. ಬಂಗಡೆ ಬುಟ್ಟಿಗಿಂತ ಹಗುರ ಅದೆ" ಎಂದು ಬಂಗಾರಿ ಅದನ್ನು ತಲೆಗೇರಿಸಿಕೊಂಡಳು.

ಕೊನೆಯ ಗುಡಿಸಲಿನ ಹತ್ತಿರ ದಾರಿ ತೋರಿಸುವವ ನಿಂತ, ಗಾಳಿ ಮೂಸಿದ. ಅವಳ ತಲೆಯ ಮೇಲಿನ ಚೀಲಕ್ಕೆ ಕೈ ತೋರಿಸಿ ಹಿಂದಿಯಲ್ಲಿ ಏನೋ ಕೇಳಿದ. 'ಮಚ್ಛಿ' ಎಂದದ್ದು, ಮೀನು ಎಂದು, ನನಗೂ ತಿಳಿಯಿತು. ಉಳಿದದ್ದನ್ನು ಬಂಗಾರಿ ಟೀಚರಿಗೆ ಹೇಳಿದಳು: ಸರೋವರ ಅವರ ಊರ ದೇವತೆಯದಂತೆ. ಮೀನು ತಂದವರು ಮೇಲೆ ಹೋದರೆ ಊರಿನ ಬೆಳೆಗೆ ಆಲಿಕಲ್ಲು ಬೀಳುತ್ತದಂತೆ. ಅವರು ಇಲ್ಲೇ ಉಳಿಯಬೇಕಂತೆ.

"ಯಾರ ಚೀಲ ಇದು?" ಟೀಚರು ಕೇಳಿದರು.

ಬಂಗಾರಿ ನನ್ನ ಮುಖ ನೋಡಿದಳು. ಅವಸರ ಮಾಡಲಿಲ್ಲ, ನನಗೆ ಬೇಕಾದಷ್ಟು ಹೊತ್ತು ಕೊಟ್ಟಳು. ನಾನು ಚಪ್ಪಲಿಯ ಪಟ್ಟಿ ಸರಿಮಾಡುತ್ತ ಬಗ್ಗಿದೆ.

"ನಂದೇ" ಎಂದಳು.

"ಹೇಳ್ಬಾರ್ದಿತ್ತನೆ ಮೊದ್ಲೇ? ನಿಮ್ಮವರಿಗೆ ಎಲ್ಲಿ ಹೋದ್ರೂ ಅದೇ ಒಂದು" ಎಂದರು ಟೀಚರು. ನಿಮ್ಮವರು ಎಂದರೆ ನಾನೂ ಸೇರಿದೆನಲ್ಲ, ಆಗಲೂ ಚಪ್ಪಲಿಯ ಪಟ್ಟಿಯನ್ನೇ ಬಿಗಿಯುತ್ತಿದ್ದೆ.

ನಾನು ಮೇಲೆ ಹೋದೆ. ಐಸು ಕಂಡೆ. ಸ್ಟೀಲು ಡಬ್ಬಿಯಲ್ಲಿ ಒಂದು ತುಂಡು ತುಂಬಿಕೊಂಡು ಓಡಿ ಓಡಿ ಇಳಿದೆ. ಗುಡಿಸಲು ಮುಟ್ಟುವಷ್ಟರಲ್ಲಿ ಬರೀ ನೀರು. ಅವಳು ಬೆರಳು ಅದ್ದಿ ನೋಡಿದಳು.

"ತಣ್ಣಗದೆ. ಹೆಂಗಿತ್ತು ಹೇಳು, ಒಂದೂ ಬಿಡ್ಬೇಡ."

ಪಾಪ, ಆಸೆಗೆ ಕೇಳುತ್ತಿದ್ದಾಳೆ ಎಂದುಕೊಂಡು ಎಲ್ಲ ಹೇಳಿದೆ. ಯಾಕೆ ಕೇಳಿದಳೆಂದು ಊರಿಗೆ ಬಂದ ಮೇಲೆ ಗೊತ್ತಾಯಿತು. ಮೀನು ಪೇಟೆಯಲ್ಲಿ ಅವಳ ಪಕ್ಕ ಕೂರುವ ಮಂಜಿ ಕೇಳಿದಳು, "ಬಂಗಾರಕ್ಕ, ಕಂಡ್ಯನೆ ನಿನ್ನ ಐಸು?"

"ಕಾಣದೆ? ಬಾಗಿಲಷ್ಟು ದೊಡ್ಡ ತುಂಡು, ನೀಲಿ ನೀರಲ್ಲಿ ದೋಣಿ ನಿಂತ ಹಾಂಗೆ. ಅಲ್ದನೆ ದೇವಿ?"

ಕಾಣಲಿಲ್ಲ ಎಂದಿದ್ದರೆ ಯಾಕೆಂದು ಕೇಳುತ್ತಿದ್ದರು, ನನ್ನ ಚೀಲದ ಮಾತು ಹೊರಬೀಳುತ್ತಿತ್ತು. ನಾನು ಹೂಂ ಎಂದೆ. ಆಮೇಲೂ ಯಾರು ಕೇಳಿದರೂ ಅವಳದು ಅದೇ ಮಾತು, ನನ್ನದು ಅದೇ ಹೂಂ. ಅವಳು ಸಾಯುವವರೆಗೂ.

ಚೀಲ ನನ್ನದು, ಐಸು ಅವಳು ಕಾಣಲಿಲ್ಲ. ಮಂಜಿ ಇನ್ನೂ ಇದ್ದಾಳೆ, ಕಿವಿ ಸ್ವಲ್ಪ ಮಂದ. ಬರೆದದ್ದನ್ನು ಮೊದಲು ಅವಳಿಗೆ ಓದು, ಗಟ್ಟಿಯಾಗಿ ಓದು.