ಮಾಲಿಯ ಪಾದ

ಸೊಂಟನೋವಿಗೆಂದು ಮೊನ್ನೆ, ನಾನೀಗಿರುವ ಅಲ್ಫರೆಟಾ ಊರಿನಲ್ಲಿ, ಥಾಯ್ ಮಸಾಜಿಗೆ ಹೋದೆ. ಬಾಗಿಲು ತೆರೆದೊಡನೆ ಕರ್ಪೂರ, ಮಜ್ಜಿಗೆಹುಲ್ಲು ಬೆರೆತ ತೈಲದ ವಾಸನೆ. ಎಷ್ಟೋ ವರ್ಷಗಳಿಂದ ನಾನು ತಪ್ಪಿಸಿಕೊಂಡು ತಿರುಗಿದ ವಾಸನೆ.

ತೊಂಬತ್ತರ ದಶಕದಲ್ಲಿ ನಾವು ಇದೇ ದೇಶದ ರಾಲಿ ಊರಿನಲ್ಲಿದ್ದೆವು. ಮೈಸೂರಿನಿಂದ ಆರು ತಿಂಗಳಿಗೆಂದು ಬಂದ ಅಮ್ಮನಿಗೆ ವಿಮಾನದಲ್ಲಿ ಕೂತೇ ಸೊಂಟ ಹಿಡಿದುಕೊಂಡಿತ್ತು. ನೆಲದ ಮೇಲೆ ಕೂರಲಾಗದೆ ದೇವರ ಮುಂದೆ ನಿಂತೇ ದೀಪ ಹಚ್ಚುತ್ತಿದ್ದಳು. ಅದೇ ಅವಳ ದೊಡ್ಡ ಸಂಕಟ. ನನಗೋ ಆಫೀಸು, ಡ್ರೈವಿಂಗು. ಒಂದು ದಿನವೂ ಅವಳ ಸೊಂಟ ಒತ್ತಲಿಲ್ಲ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಕೇಳುವುದು ಬೇಡ.

ನಮ್ಮ ಬೀದಿಯಲ್ಲಿದ್ದ ಮಾಲಿ ಎಂಬ ಹೆಸರಿನವಳು ಥಾಯ್ಲೆಂಡಿನವಳು. ತನ್ನ ಮನೆಯ ಮುಂದಿನ ಕೋಣೆಯಲ್ಲೇ, ಅದೇ ತೈಲದ ವಾಸನೆಯ ನಡುವೆ, ಚಾಪೆ ಹಾಸಿ ಮಸಾಜು ಮಾಡುತ್ತಿದ್ದಳು. ಉಟ್ಟ ಬಟ್ಟೆಯಲ್ಲೇ ಮಲಗಬಹುದು ಎಂದಮೇಲೆ ಅಮ್ಮ ಬುಧವಾರಗಳಂದು ಹೋಗಲು ಒಪ್ಪಿದಳು. ಮಾಲಿ ಅಮ್ಮನ ಪಾದದ ಬಳಿ ಮಂಡಿಯೂರಿ, ಕೈಮುಗಿದು, ಏನೋ ಗೊಣಗಿ, ಆಮೇಲೆ ಪಾದದಿಂದ ಮೇಲಕ್ಕೆ ಹೆಬ್ಬೆರಳಿನಿಂದ, ಮೊಣಕೈಯಿಂದ ಒತ್ತುತ್ತಾ ಬರುತ್ತಿದ್ದಳು. ಗಿರಾಕಿಗೆ ನಮಸ್ಕಾರ, ವ್ಯಾಪಾರದ ಜಾಣತನ ಅಂದುಕೊಂಡೆ. ನಾನು ಎಲ್ಲ ಬಲ್ಲವಳಲ್ಲವೇ!

ಮೂರನೆಯ ಬುಧವಾರ ಅಮ್ಮನನ್ನು ಕರೆದೊಯ್ಯಲು ಬೇಗ ಬಂದೆ. ಮಾಲಿ ಗೋಡೆ ಹಿಡಿದು ನಿಂತು, ಅಮ್ಮನ ತೊಡೆಯನ್ನು ಪಾದದಿಂದ ಮೆಟ್ಟುತ್ತಿದ್ದಳು. ಪುಸ್ತಕಕ್ಕೆ ಕಾಲು ತಾಕಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ನಾವು. ಪಿತ್ತ ನೆತ್ತಿಗೇರಿತು.

“ಗೆಟ್ ಯುವರ್ ಫೂಟ್ ಆಫ್ ಹರ್!” ಎಂದು ಕಿರುಚಿದೆ.

“ಸುಮ್ನಿರೇ, ಹಾಯಾಗಿದೆ,” ಅಂದಳು ಅಮ್ಮ. “ಇವತ್ತು ಕೂತ್ಕೊಂಡು ದೀಪ ಹಚ್ತೀನೇನೋ.”

ಮಾಲಿ ಆಗಲೇ ಕೆಳಗೆ ಕೂತಿದ್ದಳು. ಮುಖ ಕೆಂಪಾಗಿತ್ತು. “ಎವ್ರಿ ಟೈಮ್, ಫಸ್ಟ್ ಐ ಸೇ ಸಾರಿ ಟು ಮದರ್,” ಅಂದಳು.

ಅವಳು ಕೈಮುಗಿದು ಗೊಣಗುತ್ತಿದ್ದುದು ಅದಕ್ಕೆ. ತನ್ನ ಗುರುವನ್ನು ನೆನೆದು, ಹಿರಿಯಳ ಮೈಗೆ ಕಾಲು ತಾಗಿಸುವ ಮೊದಲೇ ಕ್ಷಮೆ ಕೇಳಿಕೊಳ್ಳುವುದು. ಅವರಲ್ಲೂ ಕಾಲು ತಾಗಿಸುವುದೆಂದರೆ ನಮ್ಮಲ್ಲಿಯಷ್ಟೇ ತಪ್ಪು. ನನಗೆ ನಾಚಿಕೆಯಾಯಿತು. ಆದರೂ ನನ್ನ ಬಾಯಿಂದ ‘ಸಾರಿ’ ಎಂಬ ಒಂದು ಮಾತು ಹೊರಡಲಿಲ್ಲ.

“ಮಾಲಿಗೆ ಫೋನ್ ಮಾಡಿದ್ಯಾ?” ಆಮೇಲೆ ಪ್ರತಿ ಬುಧವಾರ ಅಮ್ಮ ಕೇಳುತ್ತಿದ್ದಳು.

“ಬಿಜಿ ಅಂತೆ ಕಣಮ್ಮ.”

ಸುಳ್ಳು. ನಾನು ಫೋನೇ ಮಾಡಿರಲಿಲ್ಲ. ಊರಿಗೆ ಹೊರಡುವ ದಿನವೂ ಅಮ್ಮ ನಿಂತೇ ದೀಪ ಹಚ್ಚಿ, ವ್ಹೀಲ್‌ಚೇರಿನಲ್ಲಿ ವಿಮಾನ ಹತ್ತಿದಳು. ಆಮೇಲೆ ಕೊನೆಯವರೆಗೂ ಅವಳು ನೆಲದ ಮೇಲೆ ಕೂರಲಿಲ್ಲ.

ಮೊನ್ನೆ ಅಲ್ಫರೆಟಾದಲ್ಲಿ ಮಸಾಜಿನ ಹೆಂಗಸು ನನ್ನ ಪಾದದ ಬಳಿ ಕೈಮುಗಿದಳು. ಮಲಗಿದಲ್ಲೇ ನಾನೂ ಕೈಮುಗಿದೆ. “ಫೀಟ್ ಓಕೆ?” ಎಂದು ಕೇಳಿದಳು. ತಲೆಯಾಡಿಸಿದೆ. ಅವಳ ಪಾದ ತೊಡೆಯ ಮೇಲೆ ಮೆಲ್ಲಗೆ ಊರಿದಂತೆ, ತಿಂಗಳುಗಳಿಂದ ಹಿಡಿದುಕೊಂಡಿದ್ದ ಸೊಂಟ ಸಡಿಲವಾಯಿತು. ಎಷ್ಟು ಹಾಯಾಗಿತ್ತು! ಇದನ್ನೇ ಅಲ್ಲವೇ, ನಾನು ಅಮ್ಮನ ಮೈಮೇಲಿಂದ ಕಿರುಚಿ ಇಳಿಸಿದ್ದು.