ರಮಾ ಮೇಡಂ ಕಾರಿನ ಅರ್ಧ ಇಂಚು

ನನಗೆ ಕಾರುಗಳ ವಿಷಯ ಏನೂ ಗೊತ್ತಿಲ್ಲ. ಬಣ್ಣ ಯಾವುದು ಅಂತ ಹೇಳಬಲ್ಲೆ, ಅಷ್ಟೆ. ಆದರೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ನೆಲಕ್ಕೂ ಕಾರಿನ ಹೊಟ್ಟೆಗೂ ನಡುವೆ ಎಷ್ಟು ಜಾಗ ಇರಬೇಕು ಎಂಬ ಮಾತು ಎಲ್ಲಿ ಬಂದರೂ ನಾನು ಬಾಯಿ ಹಾಕದೆ ಇರಲಾರೆ. "ಕನ್ನಡ ಟೀಚರಿಗೆ ಇದೆಲ್ಲ ಯಾಕೆ ಆಂಡಾಳ್?" ಅಂತ ನಮ್ಮ ಯಜಮಾನರು ಪಾರ್ಥಸಾರಥಿ ಇವತ್ತಿಗೂ ಹಂಗಿಸುತ್ತಾರೆ. ಹಂಗಿಸಲಿ. ಅವರು ರಮಾಳ ಕಾರಿನಲ್ಲಿ ಆರು ವರ್ಷ ಓಡಾಡಿದವರಲ್ಲ.

ರಮಾ ನಮ್ಮ ಹಾರನಹಳ್ಳಿಯ ಹೈಸ್ಕೂಲಿಗೆ ಗಣಿತದ ಮೇಡಂ ಆಗಿ ಬಂದದ್ದು ತೊಂಬತ್ತೊಂಬತ್ತರ ಜೂನಿನಲ್ಲಿ. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೋ ಬಂದು ಎರಡೂ ಕಾಲು ಸೋತಿದ್ದವು. ಕೈಯೂರಿ ನೆಲದ ಮೇಲೆ ಸರಿದುಕೊಂಡೇ ಓಡಾಡುತ್ತಿದ್ದಳು. ಅವಳಿಗಾಗಿ ಹೆಡ್‌ಮಾಸ್ಟರು ಒಂದು ಕ್ಲಾಸಿನ ಬೋರ್ಡನ್ನು ಎರಡಡಿ ಕೆಳಗಿಳಿಸಿ ಹೊಡೆಸಿದ್ದರು. ಲೆಕ್ಕ ತಪ್ಪಿದ ಹುಡುಗರ ಕಡೆಗೆ ಅವಳು ಕೆಳಗಿನಿಂದ ಮೇಲಕ್ಕೆ ನೋಡಿದರೆ ಸಾಕು, ಆರಡಿ ಎತ್ತರದ ಗಂಡುಹುಡುಗರೂ ತಲೆ ತಗ್ಗಿಸುತ್ತಿದ್ದರು. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. "ನನ್ನ ಹೆಸರು ಹಿಡಿದೇ ಕರೀರಿ" ಎಂದು ಅವಳೇ ಮೊದಲ ವಾರ ಹೇಳಿದ್ದಳು.

ಅವಳ ತಂದೆ ಜವರಪ್ಪ ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲ್ವೆ ಹಳಿ ಕಾಯುವ ಕೆಲಸದಲ್ಲಿದ್ದವರು. ತಾಯಿ ಲಕ್ಕಮ್ಮ ಮಗಳನ್ನು ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಟ್ಟರು. ಆಮೇಲೆ ಬಸ್ಸು. ಬಸ್ಸಿಗೆ ಹತ್ತಿಸಲು ದಿನಕ್ಕೊಬ್ಬರ ಕೈ. ಪಾಪ ಅಂತ ಎತ್ತುವವರು, ಲೇಟಾಯಿತು ಅಂತ ಎತ್ತುವವರು, ಎತ್ತುವ ನೆಪದಲ್ಲಿ ಕೈ ಆಡಿಸುವವರು. "ಮೂವತ್ತು ವರ್ಷದಿಂದ ಜನ ನನ್ನ ಎತ್ತಿದಾರೆ ಮೇಡಂ. ಕೇಳಿ ಎತ್ತಿದೋರು ಮೂರು ಜನ ಸಿಗಲ್ಲ" ಎಂದು ಒಮ್ಮೆ ಊಟದ ಡಬ್ಬಿ ಮುಚ್ಚುತ್ತಾ ಹೇಳಿದಳು.

ಎರಡು ಸಾವಿರದ ಮೂರರಲ್ಲಿ ಅವಳು ಕಾರು ತಗೊಂಡಳು. ಅವಳ ತಮ್ಮ ರಾಹುಲ್ ಹಾಸನದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿದ್ದ. ಅವನು ಹುಡುಕಿದ್ದು ಒಂದು ಹಳೇ ಕೆಂಪು ಮಾರುತಿ. ಅದರ ಮೊದಲಿನ ಯಜಮಾನ ಯಾವನೋ ಶೋಕಿವಾಲ, ಸ್ಪ್ರಿಂಗಿನ ಸುತ್ತುಗಳನ್ನು ಕತ್ತರಿಸಿ ಕಾರನ್ನು ನೆಲಕ್ಕೆ ಅಂಟಿಸಿದ ಹಾಗೆ ತಗ್ಗಿಸಿದ್ದ. "ಇದು ಕಾರೋ ಆಮೆಯೋ?" ಎಂದು ನಾನೇ ಮೂಗು ಮುರಿದೆ. ಆದರೆ ಅದನ್ನು ರಮಾಳ ಮನೆಯ ಜಗಲಿಗೆ ಒತ್ತಿ ನಿಲ್ಲಿಸಿ ಬಾಗಿಲು ತೆಗೆದಾಗ, ಸೀಟೂ ಜಗಲಿಯೂ ಒಂದೇ ಮಟ್ಟಕ್ಕೆ ಬಂದವು. ಅವಳು ಎರಡೂ ಕೈ ಊರಿ ಒಂದು ಸಲ ಸರಿದಳು. ಒಳಗಿದ್ದಳು. ಯಾರೂ ಮುಟ್ಟಲಿಲ್ಲ. ಜಗಲಿಯ ಕಂಬ ಹಿಡಿದು ನಿಂತಿದ್ದ ಲಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು "ಕಾಫಿ ಇಡ್ತೀನಿ" ಅಂತ ಒಳಗೆ ಹೋಗಿಬಿಟ್ಟರು.

ಬ್ರೇಕು, ಎಕ್ಸಲೇಟರು ಎಲ್ಲ ಕೈಯಲ್ಲೇ ಮಾಡುವ ಹಾಗೆ ಬೆಂಗಳೂರಿನಲ್ಲಿ ಜೋಡಿಸಿಕೊಟ್ಟರು. ಅವಳು ಲೈಸೆನ್ಸೂ ಮಾಡಿಸಿಕೊಂಡಳು. ಅರಸೀಕೆರೆಯಿಂದ ಹಾರನಹಳ್ಳಿಗೆ ನಾನು ಪಕ್ಕದ ಸೀಟಿನ ಕಾಯಂ ಗಿರಾಕಿಯಾದೆ. ಶಾಲೆಯ ಜಗಲಿಯೂ ಹೆಚ್ಚುಕಡಿಮೆ ಅದೇ ಎತ್ತರ. ಒಂದು ಭಾನುವಾರ ಹಳೇಬೀಡಿಗೂ ಹೋಗಿ ಬಂದೆವು. ದೇವಸ್ಥಾನದ ಎದುರು ಕಾರು ನಿಲ್ಲಿಸಿ, "ನನ್ನ ಇಷ್ಟಕ್ಕೆ ಬಂದು ನನ್ನ ಇಷ್ಟಕ್ಕೆ ನಿಂತಿದ್ದು ಇದೇ ಮೊದಲು" ಅಂದಳು.

ಆದರೆ ಕತ್ತರಿಸಿದ ಸ್ಪ್ರಿಂಗಿನ ಸುಖ ದೇವರಿಗೇ ಪ್ರೀತಿ. ಸಣ್ಣ ಗುಂಡಿಗೂ ನಮ್ಮ ಬೆನ್ನುಮೂಳೆಯಲ್ಲಿ ಸದ್ದಾಗುತ್ತಿತ್ತು. ವರ್ಷ ತುಂಬುವಷ್ಟರಲ್ಲಿ ಶಾಕ್ ಅಬ್ಸಾರ್ಬರು ಎಣ್ಣೆ ಕಾರಿದವು, ಸೈಲೆನ್ಸರು ಎರಡು ಸಲ ಕಳಚಿ ಬಿತ್ತು, ರಮಾಳಿಗೆ ಸೊಂಟನೋವು ಹಿಡಿಯಿತು. ಕಡೆಗೆ ಕಾರನ್ನು ಕೊಬ್ಬರಿ ಮಾರುಕಟ್ಟೆಯ ಹಿಂದಿನ ಉಗ್ರಪ್ಪನ ಗ್ಯಾರೇಜಿಗೆ ಬಿಟ್ಟು, "ಕುಲುಕಾಡದ ಹಾಗೆ ಮಾಡಿಕೊಡಿ" ಎಂದು ಹೇಳಿ ಬಂದಳು.

ಉಗ್ರಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ಅವನ ಕೈಗೆ ಬರುತ್ತಿದ್ದುದೆಲ್ಲ ತೆಂಗಿನಕಾಯಿ ಹೊರುವ ಟೆಂಪೋಗಳು. ಹಿಂದುಗಡೆ ಕೂತುಹೋಯಿತು, ಸ್ಪ್ರಿಂಗಿಗೆ ಒಂದು ಪ್ಲೇಟು ಜಾಸ್ತಿ ಹಾಕಿ ಎತ್ತರಿಸು ಎಂದೇ ಎಲ್ಲರೂ ಕೇಳುತ್ತಿದ್ದರು. ಮೂವತ್ತು ವರ್ಷದಲ್ಲಿ ಅವನು ಗಾಡಿ ಎತ್ತರಿಸಿದ್ದನೇ ಹೊರತು ಒಂದನ್ನೂ ತಗ್ಗಿಸಿರಲಿಲ್ಲ. ಕೂತುಹೋದ ಗಾಡಿ ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಹೊಸ ಪೂರ್ತಿ ಸ್ಪ್ರಿಂಗು ಹಾಕಿದ, ಅದರ ಮೇಲೆ ರಬ್ಬರಿನ ಬಿಲ್ಲೆ ಬೇರೆ ಇಟ್ಟ, ಸೋಮವಾರ ಬೆಳಿಗ್ಗೆ ತಾನೇ ಓಡಿಸಿಕೊಂಡು ಬಂದು ಜಗಲಿಗೆ ಒತ್ತಿ ನಿಲ್ಲಿಸಿದ.

"ನೋಡಿ ಟೀಚರಮ್ಮ, ಈಗ ಎಮ್ಮೆ ಅಡ್ಡ ಮಲಗಿದ್ರೂ ದಾಟ್ಕಂಡು ಹೋಗ್ಬೌದು" ಅಂದ.

ಸೀಟು ಜಗಲಿಗಿಂತ ಮೂರು ಇಂಚು ಮೇಲಿತ್ತು. ಮೂರು ಇಂಚು ಅಂದರೆ ನನಗೆ, ನಿಮಗೆ ಏನೂ ಅಲ್ಲ. ಇಡೀ ಮೈಯನ್ನು ಎರಡು ತೋಳಿನಲ್ಲಿ ಮೇಲಕ್ಕೆ ದೂಡಿಕೊಳ್ಳುವವಳಿಗೆ ಅದು ಗೋಡೆ. ರಮಾ ಮೂರು ಸಲ ಪ್ರಯತ್ನಪಟ್ಟಳು, ಮೂರು ಸಲವೂ ಜಾರಿದಳು. ಅವತ್ತು ಹತ್ತನೇ ಕ್ಲಾಸಿಗೆ ಗಣಿತದ ಪೂರ್ವಸಿದ್ಧತಾ ಪರೀಕ್ಷೆ, ಗಂಟೆ ಒಂಬತ್ತು ದಾಟಿತ್ತು. ಉಗ್ರಪ್ಪ "ಬುಡಿ, ಅದಕ್ಕೇನಂತೆ" ಅಂತ ಅವಳ ಕಂಕುಳಿಗೆ ಕೈ ಹಾಕಿ ಎತ್ತಿದ. ನಾನು ಕಾಲು ಹಿಡಿದೆ. ಹೌದು, ನಾನೂ ಹಿಡಿದೆ, ಕೇಳದೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಸಂಜೆ ನಾನು ಸ್ಟಾಫ್ ರೂಮಿನಿಂದ ಬರುವಷ್ಟರಲ್ಲಿ ಅವಳು ಶಾಲೆಯ ಜಗಲಿಯ ಮೇಲೆ ಉತ್ತರಪತ್ರಿಕೆಯ ಕಟ್ಟುಗಳನ್ನು ಜೋಡಿಸಿ, ಅಲುಗಾಡುವ ಆ ಕಾಗದದ ಮೇಲೆ ಹತ್ತಿ ಕೂತು, ಅಲ್ಲಿಂದ ಸೀಟಿಗೆ ಸರಿಯುತ್ತಿದ್ದಳು. ಮೊಣಕೈ ತರಚಿತ್ತು. "ನಾನೇ ಹತ್ತೋ ಹಾಗೆ ಆಗ್ಬೇಕು ಮೇಡಂ. ಇಲ್ಲಾಂದ್ರೆ ಈ ಕಾರು ನಂಗೆ ಬೇಡ, ಮಾರ್ತೀನಿ" ಅಂದಳು. ಮಾರಿದರೆ ಮತ್ತೆ ಬಸ್ಸು, ಮತ್ತೆ ದಿನಕ್ಕೊಬ್ಬರ ಕೈ.

ರಾಹುಲ್ ಬೆಂಗಳೂರಿನ ಅಂಗಡಿಯೊಂದರಿಂದ ಒಂದು ಪುಸ್ತಕ ತಂದ. ಎತ್ತರ ಹೊಂದಿಸಿಕೊಳ್ಳುವ ಶಾಕ್ ಅಬ್ಸಾರ್ಬರು ಅಂತ ಸಿಗುತ್ತವಂತೆ. ಮೈಮೇಲೆ ಬೋಲ್ಟಿನ ಹಾಗೆ ಸುತ್ತಿದ ತಿರುಪಿನ ಮರೆ, ಅದರಲ್ಲಿ ಒಂದು ಬಳೆ. ಬಳೆ ತಿರುಗಿಸಿದರೆ ಸ್ಪ್ರಿಂಗು ಮೇಲೆ ಕೆಳಗೆ ಹೋಗಿ ಕಾರು ಏರುತ್ತದೆ, ಇಳಿಯುತ್ತದೆ. ಪುಸ್ತಕದಲ್ಲಿ ಎರಡು ಥರ ಇತ್ತು. ಒಂದು ರೇಸಿನವರದ್ದು, ತುಂಬಾ ಕೆಳಗಿಳಿಯುತ್ತದೆ, ಆದರೆ ಕಲ್ಲಿನಷ್ಟು ಗಟ್ಟಿ. ಇನ್ನೊಂದು ಅಷ್ಟು ಇಳಿಯುವುದಿಲ್ಲ, ಆದರೆ ಮೆತ್ತಗೆ ನಡೆಯುತ್ತದೆ. ರಾಹುಲನಿಗೆ ಮೊದಲನೆಯದರ ಮೇಲೆ ಕಣ್ಣು. "ಅಕ್ಕ, ಇದು ಜಗಲಿಗಿಂತ್ಲೂ ಕೆಳಗೆ ಬರುತ್ತೆ" ಅಂದ. "ಹತ್ತಿ ಕೂರೋದು ಎರಡು ನಿಮಿಷ ಕಣೋ, ಹೋಗ್ತಾ ಬರ್ತಾ ಓಡಿಸೋದು ಒಂದು ಗಂಟೆ. ಸೊಂಟ ನಂದು" ಎಂದು ರಮಾ ಎರಡನೆಯದನ್ನು ಗುರುತು ಮಾಡಿದಳು.

ಸಾಮಾನು ಬರುವ ಮೊದಲು, ಕಾರು ಎಷ್ಟು ತಗ್ಗಬಹುದು ಅನ್ನಲು ರಸ್ತೆಯ ಹಂಪ್ಸುಗಳ ಎತ್ತರ ಗೊತ್ತಾಗಬೇಕಲ್ಲ. ಒಂದು ಭಾನುವಾರ, ಕಾರು ಗ್ಯಾರೇಜಿನಲ್ಲಿದ್ದುದರಿಂದ ಅವಳ ತಮ್ಮನ ಕೈಲಿ ಬಾಡಿಗೆ ಆಟೋ ತರಿಸಿ, ಅವಳು ಒಳಗೆ ನೋಟ್‌ಬುಕ್ಕು ಹಿಡಿದು, ನಾನು ರಸ್ತೆಯಲ್ಲಿ ಶಾಲೆಯ ಮರದ ಸ್ಕೇಲು, ದಾರ ಹಿಡಿದು ಹೊರಟೆವು. ಆ ಆಟೋಗೆ ಅವಳು ಹತ್ತಿದ್ದು ಲಕ್ಕಮ್ಮನ ಕೈ ಹಿಡಿದು, ತಾನೇ ಕೇಳಿ. ಎಂಟು ಕಿಲೋಮೀಟರಿಗೆ ಹದಿನಾಲ್ಕು ಹಂಪ್ಸು, ಸರ್ಕಾರದ್ದು ನಾಲ್ಕು, ಉಳಿದದ್ದು ಊರಿನವರೇ ಹಾಕಿಕೊಂಡದ್ದು. ನಾನು ಸೀರೆ ಎತ್ತಿ ಕಟ್ಟಿ ರಸ್ತೆಗೆ ಬಗ್ಗಿ ಅಳೆಯುವುದು ನೋಡಿ ಜನ ಸೇರಿದರು. ಶಿವಯ್ಯ ಎಂಬ ಮುದುಕರಂತೂ ನಾವು ರಸ್ತೆ ಇಲಾಖೆಯವರೆಂದೇ ತಿಳಿದು ತಮ್ಮ ಮನೆ ಮುಂದಿನ ಚರಂಡಿಯ ಅರ್ಜಿ ತಂದು ಕೈಗಿಟ್ಟರು.

ಎಲ್ಲಕ್ಕಿಂತ ಎತ್ತರದ್ದು ಮುನಿಯಮ್ಮನ ಹಂಪ್ಸು. ರಸ್ತೆಗೆ ಅಂಟಿದ ಒಂಟಿ ಮನೆ ಅವಳದು. ಟೆಂಪೋ ಬಡಿದು ಮೊಮ್ಮಗನ ಕಾಲು ಮುರಿದ ಮೇಲೆ ಅವಳೇ ನಿಂತು ಕಲ್ಲು ಮಣ್ಣು ಹಾಕಿಸಿದ್ದು. ನಮ್ಮ ಸ್ಕೇಲು ಕಂಡು ಪೊರಕೆ ಹಿಡಿದೇ ಬಂದಳು. "ಇದನ್ನ ಕೀಳಕ್ಕೆ ಬಂದಿದ್ರೆ ನನ್ ಮೇಲೆ ಗಾಡಿ ಓಡಿಸ್ಕಂಡು ಹೋಗಿ" ಅಂದಳು.

ರಮಾ ಆಟೋದಿಂದ ತಲೆ ಹೊರಗೆ ಹಾಕಿ, "ಕೀಳಲ್ಲ ಕಣವ್ವ. ಇರಲಿ. ಕಾಲು ಹೋದ್ರೆ ಏನಾಗುತ್ತೆ ಅಂತ ನಂಗೊತ್ತು" ಅಂದಳು. ಮುನಿಯಮ್ಮ ಅವಳ ಕಾಲು ನೋಡಿ ಪೊರಕೆ ಕೆಳಗಿಟ್ಟಳು.

ಮುಂದಿನ ಭಾನುವಾರ ಉಗ್ರಪ್ಪ ಹೊಸ ಸಾಮಾನು ಜೋಡಿಸಿಕೊಂಡು ಕಾರನ್ನು ಜಗಲಿಗೆ ತಂದ. ತಿರುಪಿನ ಮರೆಗೆ ಮಣ್ಣು ಹಿಡಿಯದಿರಲೆಂದು ಗ್ರೀಸು ಬಳಿದು, ಸೈಕಲ್ ಟ್ಯೂಬು ಕತ್ತರಿಸಿ ಅಂಗಿಯ ಹಾಗೆ ತೊಡಿಸಿದ್ದ. ಸೀಟಿನಲ್ಲಿ ಕೊಬ್ಬರಿ ಚೀಲ ಇಟ್ಟು ಎತ್ತರ ಹೊಂದಿಸುತ್ತೇನೆ ಅಂದ, ಟೆಂಪೋಗೆ ಹಾಗೆಯೇ ಮಾಡುತ್ತಿದ್ದನಂತೆ. "ನಾನು ಚೀಲ ಅಲ್ಲ, ನಾನೇ ಕೂರ್ತೀನಿ" ಅಂದಳು ರಮಾ. ಅವನು ಜಾಕು ಏರಿಸಿ ಬಳೆ ತಿರುಗಿಸುವುದು, ಇಳಿಸುವುದು, ಅವಳು ಸರಿದು ಒಳಗೆ ಹೋಗುವುದು, ಹೊರಗೆ ಬರುವುದು. ಹನ್ನೊಂದು ಸಲ ಆಯಿತು. ಕಡೆಗೆ ಒಂದು ಎತ್ತರ ಸಿಕ್ಕಿತು. ನಾನೂ ಪಕ್ಕದಲ್ಲಿ ಕೂತೆ, ಉಗ್ರಪ್ಪ ಮಲಗಿ ಹೊಟ್ಟೆಯ ಕೆಳಗೆ ಅಳೆದ. ಹದಿಮೂರು ಹಂಪ್ಸು ದಾಟುತ್ತದೆ. ಮುನಿಯಮ್ಮನದಕ್ಕೆ ಅರ್ಧ ಇಂಚು ಸಾಲದು.

ಅರ್ಧ ಇಂಚು ಏರಿಸಿ ನೋಡಿದರು. ರಮಾ ಹತ್ತಿದಳು. ಮತ್ತೆ ಹತ್ತಿದಳು. ಮೂರನೇ ಸಲ ತೋಳು ನಡುಗಿ ಜಾರಿದಳು. ಬೆಳಿಗ್ಗೆ ಹತ್ತಬಹುದು, ಏಳು ಪೀರಿಯಡ್ಡು ಪಾಠ ಮಾಡಿದ ಮೇಲೆ ಸಂಜೆ ಆಗುವುದಿಲ್ಲ.

"ಅರ್ಧ ಇಂಚಿಗೆ ಏನಾಯ್ತದೆ ಟೀಚರಮ್ಮ, ಸಂಜೆ ಯಾರಾದ್ರೂ ಒಂದು ಕೈ ಕೊಟ್ರೆ ಆಯ್ತು. ಇಲ್ದಿದ್ರೆ ದಿನಾ ಕಾರಿನ ಹೊಟ್ಟೆ ಉಜ್ತದೆ" ಅಂದ ಉಗ್ರಪ್ಪ.

"ಉಜ್ಜಲಿ ಉಗ್ರಪ್ಪಣ್ಣ. ಕಾರಿಗೆ ಮಾನ ಇಲ್ಲ, ನನಗಿದೆ. ಇಳಿಸಿ."

ಉಗ್ರಪ್ಪ ಸ್ಪ್ಯಾನರು ಕೈಗೆತ್ತಿಕೊಂಡ. "ಅವತ್ತು ಕೇಳ್ದೆ ಎತ್ತಬಾರ್ದಾಗಿತ್ತು ಕಣವ್ವ" ಅಂದು ಕಾರಿನ ಕೆಳಗೆ ತೂರಿಕೊಂಡ. ನಾನು ಅವನಷ್ಟು ದೊಡ್ಡ ಮನುಷ್ಯಳಲ್ಲ. ಜಾಕಿನ ಹಿಡಿ ಅವನ ಕೈಗೆ ಚಾಚಿದೆ, ಅಷ್ಟೆ.

ಸೋಮವಾರ ಮುನಿಯಮ್ಮನ ಹಂಪ್ಸಿನ ಮುಂದೆ ರಮಾ ಕಾರು ನಿಧಾನ ಮಾಡಿ, ಹಲ್ಲು ಕಚ್ಚಿ ಸದ್ದಿಗೆ ಕಾಯುತ್ತಿದ್ದಳು. "ನಿಲ್ಲಿಸು" ಅಂದೆ. ಬಾಗಿಲು ತೆಗೆದು ಇಳಿದೆ. ನಾನು ಆಗ ಎಪ್ಪತ್ತೆಂಟು ಕೆಜಿ ಇದ್ದೆ, ಮುಚ್ಚಿಡುವುದೇನು. ಕಾರು ಉಸ್ಸಪ್ಪಾ ಅಂತ ಮೇಲೆದ್ದಿತು. ಅವಳು ದಾಟಿದಳು. ಒಂದು ಸದ್ದೂ ಬರಲಿಲ್ಲ. ನಾನು ಹಂಪ್ಸನ್ನು ನಡೆದು ದಾಟಿ, ಆ ಕಡೆ ಮತ್ತೆ ಹತ್ತಿದೆ.

ಹೋಗುತ್ತಾ ಒಂದು ಸಲ, ಬರುತ್ತಾ ಒಂದು ಸಲ. ಮಳೆಯಲ್ಲಿ ಕೊಡೆ ಹಿಡಿದು, ಬಿಸಿಲಲ್ಲಿ ಸೆರಗು ಹೊದ್ದು. ಇಬ್ಬರಿಗೂ ಜಗಳ, ಅದಕ್ಕೇ ಈಯಮ್ಮ ನಡುದಾರಿಯಲ್ಲಿ ಇಳಿದುಬಿಡುತ್ತಾರೆ ಅಂತ ಊರಿನವರು ಮೊದಮೊದಲು ಆಡಿಕೊಂಡರು. ಆಮೇಲೆ ತೂಕ ಇಳಿಸಲು ನಡೆಯುತ್ತಾರೆ ಅಂದರು. ಮುನಿಯಮ್ಮ ಮಾತ್ರ ಏನೂ ಕೇಳದೆ, ಬೇಸಿಗೆಯಲ್ಲಿ ಒಂದು ಲೋಟ ಮಜ್ಜಿಗೆ ಹಿಡಿದು ನಿಂತಿರುತ್ತಿದ್ದಳು.

ಎರಡು ಸಾವಿರದ ಒಂಬತ್ತರಲ್ಲಿ ರಸ್ತೆಗೆ ಹೊಸ ಡಾಂಬರು ಬಿತ್ತು. ಎಲ್ಲ ಹಂಪ್ಸೂ ಕಿತ್ತು ತಗ್ಗಾಗಿ ಹಾಕಿದರು. ಅದೇ ತಿಂಗಳು ರಮಾಳಿಗೆ ಬಾಣಾವರಕ್ಕೆ ವರ್ಗವಾಯಿತು. ಕೊನೆಯ ದಿನ ಸಂಜೆ ಇಬ್ಬರೂ ಜೊತೆಯಲ್ಲೇ ಬರುತ್ತಿದ್ದೆವು. ಮುನಿಯಮ್ಮನ ಮನೆ ಮುಂದೆ ಅವಳು ಕಾರು ನಿಲ್ಲಿಸಿದಳು. ರಸ್ತೆ ನುಣ್ಣಗಿತ್ತು. ಏನೂ ಇಲ್ಲ, ಹೋಗು ಅನ್ನಬಹುದಿತ್ತು. ನಾನು ಇಳಿದೆ. ಅವಳು ನಿಧಾನವಾಗಿ ಹತ್ತು ಮಾರು ಮುಂದೆ ಹೋಗಿ ಬಾಗಿಲು ತೆಗೆದು ಕಾಯುತ್ತಾ ಕೂತಳು. ನಾನು ಕಣ್ಣು ಒರೆಸಿಕೊಳ್ಳುತ್ತಾ ನಡೆದು ಹೋಗಿ ಹತ್ತಿದೆ. ಹತ್ತು ವರ್ಷದ ಸ್ನೇಹದಲ್ಲಿ ಅವಳು ನನ್ನಿಂದ ತೆಗೆದುಕೊಂಡ ಸಹಾಯ ಅಷ್ಟೇ, ನಾನು ಇಳಿಯುವುದು.